ಕಾಣದ ಬೆವರಿಗೆ ಕೂಲಿ ಎಷ್ಟು?

ಕೆಲವು ಕೆಲಸಗಳ ಬೆಲೆ ನಮಗೆ ಮೊದಲೇ ಗೊತ್ತಿರುತ್ತದೆ. ಕ್ಷೌರದಂಗಡಿಯ ಗೋಡೆಯಲ್ಲಿ ದರಪಟ್ಟಿ ತೂಗುತ್ತಿರುತ್ತದೆ. ಆಟೋದಲ್ಲಿ ಮೀಟರ್ ಇರುತ್ತದೆ. ಅದು ಓಡುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ವೈದ್ಯರ ಕೋಣೆಗೆ ಹೋಗುವ ಮೊದಲೇ ಹೊರಗೆ ಚೀಟಿ ಮಾಡಿಸಿರುತ್ತೇವೆ. ಆದರೆ ಇನ್ನು ಕೆಲವು ಕೆಲಸಗಳಿವೆ. ಅವುಗಳ ಬೆಲೆ ನಾವು ಕೇಳುವುದು ಕೆಲಸ ಮುಗಿದ ಮೇಲೆ. ಕೇಳಿದ ಮೇಲೆ ಬೆಚ್ಚಿ ಬೀಳುವುದೂ ಆಗಲೇ. ಬೀಗ ತೆರೆದುಕೊಡುವವನ ಕೆಲಸ ಅಂಥದ್ದು.

ಮೈಸೂರಿನ ಒಂದು ಕುಟುಂಬ ಮದುವೆ ಮುಗಿಸಿಕೊಂಡು ರಾತ್ರಿ ಹತ್ತೂವರೆಗೆ ಮನೆಗೆ ಮರಳಿದೆ ಎಂದಿಟ್ಟುಕೊಳ್ಳಿ. ಮನೆ ಉದಯಗಿರಿಯಲ್ಲಿರಬಹುದು, ಕುವೆಂಪುನಗರದಲ್ಲಿರಬಹುದು. ಬಾಗಿಲಿಗೆ ಬೀಗವಿದೆ, ಬೀಗದ ಕೈ ಇಲ್ಲ. ಮಕ್ಕಳು ನಿದ್ದೆಗಣ್ಣಿನಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಯಾರೋ ಯಾರಿಗೋ ಫೋನ್ ಮಾಡಿ, ಕೊನೆಗೆ ಒಬ್ಬಾತ ಸ್ಕೂಟರಿನಲ್ಲಿ ಹಳೆಯ ಚೀಲ ಹಿಡಿದು ಬರುತ್ತಾನೆ. ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾನೆ. ಎರಡು ತಂತಿಯಂಥ ಸಲಕರಣೆ ಹಾಕಿ ತಿರುಗಿಸುತ್ತಾನೆ. ಮೂರು ನಿಮಿಷವೂ ಆಗಿಲ್ಲ, ‘ಟಕ್’ ಎಂಬ ಸದ್ದಿನೊಂದಿಗೆ ಬಾಗಿಲು ತೆರೆಯುತ್ತದೆ. ಎಲ್ಲರ ಮುಖ ಅರಳುತ್ತದೆ. ‘ಎಷ್ಟಾಯಿತು?’ ಎನ್ನುತ್ತಾರೆ ಮನೆಯ ಯಜಮಾನರು. ‘ಐನೂರು ಕೊಡಿ ಸಾರ್’ ಎನ್ನುತ್ತಾನೆ ಆತ. ಅರಳಿದ ಮುಖ ಅಲ್ಲೇ ಮುದುಡುತ್ತದೆ. ‘ಎರಡು ನಿಮಿಷದ ಕೆಲಸಕ್ಕೆ ಐನೂರೇ?’

ಈ ಪ್ರಶ್ನೆ ನಮ್ಮಲ್ಲಿ ಬಹಳ ಜನರ ಬಾಯಲ್ಲಿ ಬಂದಿರಬಹುದು. ಬಾಯಲ್ಲಿ ಬರದಿದ್ದರೆ ಮನಸ್ಸಿನಲ್ಲಂತೂ ಬಂದಿರುತ್ತದೆ. ಮೇಲ್ನೋಟಕ್ಕೆ ಇದು ಐನೂರು ರೂಪಾಯಿಯ ಸಣ್ಣ ಪ್ರಶ್ನೆ. ಆದರೆ ಅದನ್ನು ಸ್ವಲ್ಪ ಕೆದಕಿದರೆ ಇನ್ನೊಬ್ಬನ ದುಡಿಮೆಯನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ ಎಂಬ ದೊಡ್ಡ ಪ್ರಶ್ನೆ ಹೊರಬರುತ್ತದೆ. ಅವನ ಸಮಯಕ್ಕೆ ಹಣ ಕೊಡುತ್ತೇವೆಯೇ? ಶ್ರಮಕ್ಕೆ ಕೊಡುತ್ತೇವೆಯೇ? ವಿದ್ಯೆಗೆ ಕೊಡುತ್ತೇವೆಯೇ? ಅಥವಾ ನಮ್ಮ ಕಷ್ಟಕ್ಕೆ ಕೊಡುತ್ತೇವೆಯೇ?

ಮೀಟರ್ ಇಲ್ಲದ ಕಸುಬು

ಬೀಗದ ಕೆಲಸಕ್ಕೆ ಒಂದೇ ದರ ಏಕಿಲ್ಲ ಎಂದು ಕೇಳುವವರು ಆ ಕೆಲಸ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕೈಯಲ್ಲಿರುವ ಕೀಲಿಗೆ ಇನ್ನೊಂದು ಪ್ರತಿ ಮಾಡಿಸುವುದು ಅತ್ಯಂತ ಸುಲಭದ್ದು. ಅದಕ್ಕೆ ಹತ್ತಾರು ರೂಪಾಯಿಗಳಿಂದ ಹಿಡಿದು ನೂರರ ಆಸುಪಾಸಿನವರೆಗೆ ಆಗುತ್ತದೆ. ಕೀಲಿ ಕಳೆದುಹೋದ ಬೀಗಕ್ಕೆ ಹೊಸ ಕೀಲಿ ಮಾಡುವುದು ಅದಕ್ಕಿಂತ ಕಷ್ಟದ್ದು. ಮನೆಗೇ ಬಂದು ಮುಚ್ಚಿದ ಬಾಗಿಲನ್ನು ಅಥವಾ ಬೀರುವನ್ನು ತೆರೆಯುವ ಕೆಲಸ ನೂರುಗಳ ಲೆಕ್ಕಕ್ಕೆ ಹೋಗುತ್ತದೆ. ಹೊಸ ಕಾರುಗಳದ್ದು ಇನ್ನೊಂದು ಕತೆ. ಅವುಗಳ ಕೀಲಿಯ ತಲೆಯೊಳಗೆ ಸಣ್ಣ ಚಿಪ್ ಇರುತ್ತದೆ. ಕಾರು ಕೇಳುವ ಸಂಕೇತಕ್ಕೆ ಆ ಚಿಪ್ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಕಬ್ಬಿಣವನ್ನು ಅರದಿಂದ ಉಜ್ಜಿದರಷ್ಟೇ ಅಲ್ಲಿ ಸಾಲದು, ದುಬಾರಿ ಯಂತ್ರ ಬೇಕು. ಹಾಗಾಗಿ ಆ ಕೆಲಸಕ್ಕೆ ಸಾವಿರಗಳು ಬೇಕಾಗುತ್ತವೆ.

ಇದರ ಮೇಲೆ ಹಗಲೋ ರಾತ್ರಿಯೋ, ಮಂಡಿ ಮೊಹಲ್ಲಾದಲ್ಲೋ ದೂರದ ಇಲವಾಲದಲ್ಲೋ, ಬೀಗ ಹಳೆಯ ಹಿತ್ತಾಳೆಯದ್ದೋ ಹೊಸ ಕಂಪೆನಿಯದ್ದೋ ಎಂಬ ಲೆಕ್ಕಗಳೂ ಸೇರುತ್ತವೆ. ಅಗ್ರಹಾರದ ಹಳೆಯ ಮನೆಯೊಂದರ ದಪ್ಪ ಮರದ ಬಾಗಿಲಿನ ಬೀಗಕ್ಕೂ ಹೆಬ್ಬಾಳದ ಹೊಸ ಅಪಾರ್ಟ್‌ಮೆಂಟಿನ ಬೀಗಕ್ಕೂ ಹೋಲಿಕೆಯೇ ಇಲ್ಲ. ಇಷ್ಟೆಲ್ಲ ವ್ಯತ್ಯಾಸಗಳಿರುವ ಕಸುಬಿಗೆ ಸರಕಾರ ಮೀಟರ್ ಕೂರಿಸುವುದು ಸಾಧ್ಯವಿಲ್ಲದ ಮಾತು. ಹೀಗಿರುವಾಗ ದರ ನ್ಯಾಯವಾಗಿರಬೇಕಾದರೆ ಅದು ಎರಡು ಕಡೆಯವರ ಆತ್ಮಸಾಕ್ಷಿಯ ಮೇಲೆಯೇ ನಿಲ್ಲಬೇಕು. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಎಲ್ಲಿ ಕಾನೂನಿನ ಅಳತೆ ಮುಗಿಯುತ್ತದೋ ಅಲ್ಲಿ ಮನುಷ್ಯನ ಅಳತೆ ಆರಂಭವಾಗುತ್ತದೆ.

ಆ ಎರಡು ನಿಮಿಷದಲ್ಲಿ ಏನಾಯಿತು?

ಬೀಗದೊಳಗೆ ಏನಿರುತ್ತದೆ ಎಂಬುದನ್ನು ಬಳಸುವ ನಮ್ಮಲ್ಲಿ ಬಹುತೇಕರು ನೋಡಿರುವುದಿಲ್ಲ. ನಮ್ಮ ಕಡೆಯ ಅನೇಕ ತೂಗುಬೀಗಗಳಲ್ಲಿ ಒಂದರ ಪಕ್ಕ ಒಂದರಂತೆ ಲೋಹದ ತೆಳು ತಗಡುಗಳಿರುತ್ತವೆ. ಇವುಗಳಿಗೆ ಲಿವರ್ ಎನ್ನುತ್ತಾರೆ. ಕೀಲಿಯ ಹಲ್ಲುಗಳು ಪ್ರತಿಯೊಂದು ತಗಡನ್ನೂ ಎಷ್ಟು ಬೇಕೋ ಅಷ್ಟೇ ಎತ್ತಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಬೀಗ ಬಿಡುವುದಿಲ್ಲ, ಕಡಿಮೆಯಾದರೂ ಬಿಡುವುದಿಲ್ಲ. ಬಾಗಿಲಿಗೆ ಜೋಡಿಸುವ ಇನ್ನೊಂದು ಬಗೆಯ ಬೀಗದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಸಣ್ಣ ಪಿನ್ನುಗಳಿರುತ್ತವೆ. ಎಲ್ಲ ಪಿನ್ನುಗಳ ಸಂದೂ ಒಂದೇ ಗೆರೆಗೆ ಬಂದಾಗ ಮಾತ್ರ ಒಳಗಿನ ಉರುಳೆ ತಿರುಗುತ್ತದೆ. ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟ. ಆದರೆ ಪಿನ್ನಿನ ಉಪಾಯ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಷ್ಟು ಹಳೆಯದು.

ಬೀದಿಬದಿಯಲ್ಲಿ ಹಲಗೆಯೊಂದಕ್ಕೆ ನೂರಾರು ಖಾಲಿ ಕೀಲಿಗಳನ್ನು ನೇತುಹಾಕಿಕೊಂಡು ಕುಳಿತವರನ್ನು ನಾವೆಲ್ಲ ನೋಡಿದ್ದೇವೆ. ಕೀಲಿ ಕಳೆದ ಬೀಗವನ್ನು ಅವರ ಮುಂದಿಟ್ಟರೆ ಏನು ಮಾಡುತ್ತಾರೆ ಎಂಬುದನ್ನು ಒಮ್ಮೆ ನಿಂತು ಗಮನಿಸಬೇಕು. ಹಲ್ಲಿಲ್ಲದ ಖಾಲಿ ಕೀಲಿಯೊಂದನ್ನು ಬೀಗಕ್ಕೆ ತೂರಿಸಿ ಒತ್ತಿ ತಿರುಗಿಸುತ್ತಾರೆ. ಹೊರತೆಗೆದು ಬೆಳಕಿಗೆ ಹಿಡಿಯುತ್ತಾರೆ. ಒಳಗಿನ ಪಿನ್ನು ತಾಗಿದಲ್ಲಿ ಕಂಡೂ ಕಾಣದ ಗುರುತು ಬಿದ್ದಿರುತ್ತದೆ. ಅಲ್ಲಿಗೆ ಅರ ಹಾಕಿ ಎರಡು ಸಲ ಉಜ್ಜುತ್ತಾರೆ. ಮತ್ತೆ ತೂರಿಸುತ್ತಾರೆ, ಮತ್ತೆ ನೋಡುತ್ತಾರೆ. ಹೀಗೆ ಹತ್ತಾರು ಸಲ. ಕಣ್ಣಿಗೆ ಕಾಣದ ಒಳಗಿನ ರಚನೆಯನ್ನು ಗುರುತುಗಳ ಮೂಲಕ ಓದುವ ಒಂದು ಬಗೆಯ ಅಕ್ಷರಜ್ಞಾನವಿದು. ಇದನ್ನು ಕಲಿಸುವ ಶಾಲೆ ಉಸ್ತಾದನ ಪಕ್ಕದ ಗೋಣಿಚೀಲ. ಕಲಿಯುವ ಹುಡುಗ ಎಷ್ಟು ಕೀಲಿ ಹಾಳುಮಾಡುತ್ತಾನೋ, ಎಷ್ಟು ಸಲ ಅರ ತಪ್ಪಿ ಬೆರಳು ಉಜ್ಜಿಕೊಳ್ಳುತ್ತಾನೋ ಲೆಕ್ಕವಿಟ್ಟವರಿಲ್ಲ.

ಹಾಗಾದರೆ ರಾತ್ರಿ ಹತ್ತೂವರೆಯ ಆ ಕೆಲಸ ಎರಡು ನಿಮಿಷದ್ದೇ? ನಮ್ಮ ಕಣ್ಣ ಮುಂದೆ ನಡೆದದ್ದು ಎರಡು ನಿಮಿಷ. ಅದರ ಹಿಂದೆ ಹತ್ತು ವರ್ಷವಿತ್ತು.

ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಟ್ಟುಬಿಡಬೇಕೆಂಬ ಪ್ರವಾದಿ ಮುಹಮ್ಮದ್(ಸ)ರ ಉಪದೇಶವನ್ನು ಮುಸ್ಲಿಮರು ಮಾತ್ರವಲ್ಲ, ಬಹುತೇಕ ಎಲ್ಲರೂ ಕೇಳಿರುತ್ತಾರೆ. ಹೊಲದಲ್ಲಿ ಅಗೆಯುವವನ, ಕಲ್ಲು ಹೊರುವವನ ವಿಷಯದಲ್ಲಿ ಇದು ತಕ್ಷಣ ಅರ್ಥವಾಗುತ್ತದೆ. ಏಕೆಂದರೆ ಬೆವರು ನಮ್ಮ ಕಣ್ಣಿಗೆ ಕಾಣುತ್ತದೆ. ಆದರೆ ನುರಿತ ಕಸುಬುದಾರನ ಬೆವರು ನಮ್ಮ ಮುಂದೆ ಸುರಿಯುವುದಿಲ್ಲ. ಅದು ಎಂದೋ ಸುರಿದು ಎಂದೋ ಆರಿಹೋಗಿದೆ. ಅದಕ್ಕೇ ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೈ ಪಳಗಿದಷ್ಟೂ ಕೂಲಿ ಕಡಿಮೆ!

ಮನುಷ್ಯರು ಹಣದ ವಿಷಯದಲ್ಲಿ ಹೇಗೆ ವರ್ತಿಸುತ್ತಾರೆ ಎಂಬುದರ ಕುರಿತು ಬರೆಯುವ ಡ್ಯಾನ್ ಏರಿಯಲಿ ಎಂಬ ಪ್ರಾಧ್ಯಾಪಕರು ಒಬ್ಬ ಬೀಗದ ಕಸುಬಿನವನ ಕತೆ ಹೇಳುತ್ತಾರೆ. ಆತ ಹೊಸಬನಾಗಿದ್ದಾಗ ಒಂದು ಬೀಗ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಎಷ್ಟೋ ಸಲ ಬೀಗವನ್ನೇ ಒಡೆಯಬೇಕಾಗುತ್ತಿತ್ತು. ಅದರ ಖರ್ಚೂ ಗಿರಾಕಿಯ ಮೇಲೆಯೇ ಬೀಳುತ್ತಿತ್ತು. ಆದರೂ ಜನ ಬೇಸರಿಸದೆ ಹಣ ಕೊಟ್ಟು, ಮೇಲೆ ಬಕ್ಷೀಸನ್ನೂ ಕೊಡುತ್ತಿದ್ದರು. ವರ್ಷಗಳು ಕಳೆದು ಕೈ ಪಳಗಿತು. ಈಗ ಆತ ಕ್ಷಣಾರ್ಧದಲ್ಲಿ ಬಾಗಿಲು ತೆರೆಯುತ್ತಾನೆ, ಬೀಗಕ್ಕೆ ಗೀರು ಕೂಡ ಬೀಳುವುದಿಲ್ಲ. ಬಕ್ಷೀಸು ನಿಂತಿತು, ದರ ಹೆಚ್ಚಾಯಿತೆಂಬ ಗೊಣಗಾಟ ಶುರುವಾಯಿತು.

ಎಂಥ ವಿಪರ್ಯಾಸ! ಗಿರಾಕಿಗೆ ಈಗ ಸಿಗುತ್ತಿರುವುದು ಹೆಚ್ಚು: ಸಮಯ ಉಳಿಯಿತು, ಬೀಗ ಉಳಿಯಿತು. ಆದರೂ ಅವನಿಗೆ ಮೋಸಹೋದಂತೆ ಅನಿಸುತ್ತದೆ. ನಾವು ಹಣ ಕೊಡಲು ಬಯಸುವುದು ಫಲಕ್ಕಲ್ಲ, ಇನ್ನೊಬ್ಬ ನಮ್ಮೆದುರು ಕಷ್ಟಪಡುವ ದೃಶ್ಯಕ್ಕೆ. ಇದು ಅಷ್ಟು ನಿರಪಾಯಕಾರಿ ಗುಣವಲ್ಲ. ಇದರಿಂದಾಗಿ ಪ್ರಾಮಾಣಿಕನಾದ ನಿಪುಣ ಸೋಲುತ್ತಾನೆ, ಬೇಕೆಂದೇ ಅರ್ಧ ಗಂಟೆ ಒದ್ದಾಡಿ ತೋರಿಸುವವನು ಗೆಲ್ಲುತ್ತಾನೆ. ನಾಟಕವಾಡುವಂತೆ ಅವನಿಗೆ ಕಲಿಸಿದವರು ನಾವೇ.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಒಂದೇ ಮೊತ್ತದ ಸುತ್ತ ಎರಡು ಘಟನೆಗಳು ನಡೆದವು. ಜೋಸೆಫ್ ಬ್ರಾಮಾ ಎಂಬಾತ ತಯಾರಿಸಿದ ಬೀಗವನ್ನು ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಕೊಡುವುದಾಗಿ ಅವನ ಅಂಗಡಿಯ ಕಿಟಕಿಯಲ್ಲಿ ಸವಾಲು ಹಾಕಲಾಗಿತ್ತು. ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಯಾರಿಂದಲೂ ಅದು ಸಾಧ್ಯವಾಗಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಬಂದ ಅಮೆರಿಕದ ಎ.ಸಿ. ಹಾಬ್ಸ್ 16 ದಿನಗಳಲ್ಲಿ ಒಟ್ಟು ಸುಮಾರು 51 ಗಂಟೆ ಕೆಲಸ ಮಾಡಿ ಅದನ್ನು ತೆರೆದ. ಹಣ ಅವನಿಗೆ ಸಂದಿತು. ಅದೇ ಹಾಬ್ಸ್ ಅದೇ ವರ್ಷ ಚಬ್ ಕಂಪೆನಿಯ ಹೆಸರಾಂತ ಬೀಗವನ್ನು ತೆರೆದದ್ದು 25 ನಿಮಿಷಗಳಲ್ಲಿ. ಕೈ ಅದೇ, ವಿದ್ಯೆ ಅದೇ. ಗಡಿಯಾರ ಹಿಡಿದು ಅಳೆದರೆ ಯಾವುದು ದೊಡ್ಡ ಕೆಲಸ?

ಎರಡನೆಯದು 1878ರ ಮೊಕದ್ದಮೆ. ಚಿತ್ರಕಾರ ವಿಸ್ಲರ್ ತನ್ನ ಒಂದು ಚಿತ್ರಕ್ಕೆ 200 ಗಿನಿ ಬೆಲೆ ಇಟ್ಟಿದ್ದ. ವಿಮರ್ಶಕ ರಸ್ಕಿನ್ ಅದನ್ನು ಹೀಯಾಳಿಸಿ ಬರೆದ. ವಿಸ್ಲರ್ ಮಾನನಷ್ಟದ ದಾವೆ ಹೂಡಿದ. ಎರಡು ದಿನದ ಕೆಲಸಕ್ಕೆ ಇಷ್ಟು ಹಣವೇ ಎಂದು ಎದುರು ಪಕ್ಷದ ವಕೀಲರು ನ್ಯಾಯಾಲಯದಲ್ಲಿ ಕೇಳಿದಾಗ, ತಾನು ಕೇಳುತ್ತಿರುವುದು ಎರಡು ದಿನಕ್ಕಲ್ಲ, ಜೀವಮಾನದ ಅರಿವಿಗೆ ಎಂಬರ್ಥದ ಉತ್ತರವನ್ನು ಆತ ಕೊಟ್ಟ. ವಿಸ್ಲರ್ ಮೊಕದ್ದಮೆ ಗೆದ್ದ. ಆದರೆ ನ್ಯಾಯಾಲಯ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್ ಮಾತ್ರ, ಎಂದರೆ ಅಂದಿನ ಅತಿ ಸಣ್ಣ ಕಾಸುಗಳಲ್ಲೊಂದು. ಖರ್ಚಿನ ಭಾರದಿಂದ ಆತ ಮರುವರ್ಷ ದಿವಾಳಿಯಾದ. ವಾದದಲ್ಲಿ ನೀನು ಸರಿ ಎಂದು ಒಪ್ಪಿಕೊಂಡು ಕೈಗೆ ಮಾತ್ರ ಕಾಸು ಇಡುವ ಈ ಪದ್ಧತಿ ನಮಗೇನೂ ಹೊಸದಲ್ಲ. ‘ನಿನ್ನ ಕೈಯಲ್ಲಿ ಜಾದೂ ಇದೆಯಪ್ಪ’ ಎಂದು ಹೊಗಳಿ ಐನೂರರ ಜಾಗದಲ್ಲಿ ಇನ್ನೂರು ಇಡುವವರು ನಮ್ಮ ಬೀದಿಗಳಲ್ಲೂ ಇದ್ದಾರೆ.

ಹಾಗೆಂದು ಸಮಯದ ಅಳತೆ ಅನ್ಯಾಯದ್ದೆಂದು ತಳ್ಳಿಹಾಕುವಂತಿಲ್ಲ. ಕಾರ್ಮಿಕರು ದಿನಕ್ಕೆ ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ್ದು ಸಮಯವನ್ನೇ ಅಳತೆಗೋಲಾಗಿ ಹಿಡಿದು. ದಿನಗೂಲಿಯವನಿಗೆ ಆ ಅಳತೆ ಆಸರೆ. ಆದರೆ ಇಡೀ ದಿನ ಕೆಲಸಕ್ಕಾಗಿ ಕಾಯುತ್ತಾ ಕೂರುವವನಿಗೆ, ಬಂದ ಗಿರಾಕಿಯ ಎರಡು ನಿಮಿಷವನ್ನಷ್ಟೇ ಎಣಿಸಿ ಕೊಟ್ಟರೆ ಅದು ಆಸರೆಯಲ್ಲ, ಕುತ್ತು. ಅವನು ಕಾದ ಹೊತ್ತೂ ನಮಗಾಗಿಯೇ ಕಾದದ್ದು. ಅವನು ಅಲ್ಲಿ ಕುಳಿತಿರದಿದ್ದರೆ ಆ ರಾತ್ರಿ ನಮಗೆ ಸಿಗುತ್ತಲೇ ಇರಲಿಲ್ಲ.

ಕಷ್ಟಕ್ಕೆ ಬೆಲೆ ಕಟ್ಟಬಹುದೇ?

ಇಲ್ಲಿಯವರೆಗೆ ನಾವು ಕಸುಬುದಾರನ ಪರವಾಗಿ ಮಾತನಾಡಿದೆವು. ಈಗ ಬಾಗಿಲ ಹೊರಗೆ ನಿಂತವರ ಮಾತೂ ಕೇಳಬೇಕು. ವಿದ್ಯೆಗೆ ಬೆಲೆ ಎಂದ ಮಾತ್ರಕ್ಕೆ ಆ ಬೆಲೆಗೆ ಮಿತಿಯೇ ಇಲ್ಲವೇ? ಒಲೆಯ ಮೇಲೆ ಹಾಲಿಟ್ಟು ಹೊರಬಂದ ತಾಯಿ, ಒಳಗೆ ಮಗು, ಬಾಗಿಲು ತಾನಾಗಿ ಮುಚ್ಚಿಕೊಂಡಿದೆ. ಆ ಗಳಿಗೆಯಲ್ಲಿ ಐದು ಸಾವಿರ ಕೇಳಿದರೂ ಆಕೆ ಕೊಡುತ್ತಾಳೆ. ಮೈಮೇಲಿನ ಬಳೆ ಬಿಚ್ಚಿಕೊಡು ಎಂದರೂ ಕೊಟ್ಟಾಳು. ಕೊಡಲು ಒಪ್ಪಿದಳು ಎಂಬ ಕಾರಣಕ್ಕೆ ಅದು ನ್ಯಾಯದ ಬೆಲೆಯಾದೀತೇ?

ಬೇಡಿಕೆ ಮತ್ತು ಪೂರೈಕೆಯ ಲೆಕ್ಕ ಹಾಕುವವರು ಆದೀತು ಎನ್ನಬಹುದು. ಎರಡೂ ಕಡೆಯವರು ಒಪ್ಪಿದ ಮೇಲೆ ಮೂರನೆಯವನಿಗೇನು ಎಂಬುದು ಅವರ ವಾದ. ಆದರೆ ಒಪ್ಪಿಗೆ ಎಂಬುದು ಬೇಡವೆನ್ನಲು ಸಾಧ್ಯವಿದ್ದವನ ಮಾತು. ಬೇಡವೆನ್ನುವ ದಾರಿಯೇ ಮುಚ್ಚಿದ್ದಾಗ ಹೊರಡುವುದು ಒಪ್ಪಿಗೆಯಲ್ಲ, ಶರಣಾಗತಿ. ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರು ಕಷ್ಟಕ್ಕೆ ಸಿಲುಕಿದವನೊಂದಿಗಿನ ವ್ಯವಹಾರವನ್ನು ಮಾಮೂಲಿ ವ್ಯವಹಾರದಿಂದ ಬೇರೆಯಾಗಿಯೇ ಚರ್ಚಿಸಿದರು. ಮದೀನಾದಲ್ಲಿ ಬೆಲೆಗಳು ಏರಿದಾಗ ದರ ನಿಗದಿ ಮಾಡಬೇಕೆಂದು ಜನ ಕೇಳಿಕೊಂಡರು. ಯಾರ ಸೊತ್ತಿನ ವಿಷಯದಲ್ಲೂ ತನ್ನಿಂದ ಅನ್ಯಾಯವಾಗಬಾರದೆಂಬ ಕಾರಣಕ್ಕೆ ಪ್ರವಾದಿ(ಸ) ಅದಕ್ಕೆ ಒಪ್ಪಲಿಲ್ಲ. ಬೆಲೆ ಸಹಜವಾಗಿ ಏರಿದಾಗ ವ್ಯಾಪಾರಿಯ ಕೈ ಕಟ್ಟಬಾರದು ಎಂಬುದು ಇಲ್ಲಿನ ತಾತ್ಪರ್ಯ. ಆದರೆ ಜನರ ತುರ್ತು ಅಗತ್ಯವನ್ನೇ ಹಿಡಿದುಕೊಂಡು ಬೆಲೆ ಏರಿಸುವವರ ವಿಷಯ ಬೇರೆ, ಅಂಥವರನ್ನು ಸಮಾನ ವಸ್ತುವಿನ ಸಾಮಾನ್ಯ ಬೆಲೆಗೆ ಬದ್ಧಗೊಳಿಸಬಹುದು ಎಂದು ಹದಿನಾಲ್ಕನೆಯ ಶತಮಾನದಲ್ಲಿ ತೀರಿಕೊಂಡ ಇಬ್ನು ತೈಮಿಯ್ಯಾ ವಾದಿಸಿದರು. ಕೂಲಿ ಗೊತ್ತುಮಾಡದೆ ಕೆಲಸ ನಡೆದುಹೋದರೆ ‘ಉಜ್ರತುಲ್ ಮಿಸ್ಲ್’ ಕೊಡಬೇಕೆಂದು ಕರ್ಮಶಾಸ್ತ್ರ ಹೇಳುತ್ತದೆ. ಎಂದರೆ ಅಂಥ ಕೆಲಸಕ್ಕೆ ಆ ಊರಿನಲ್ಲಿ ರೂಢಿಯಲ್ಲಿರುವ ಕೂಲಿ. ಕೇಳಿದವನ ಆಸೆಯೂ ಅಲ್ಲ, ಕೊಡುವವನ ಜಿಪುಣತನವೂ ಅಲ್ಲ. ಊರಿನ ರೂಢಿಯೇ ಅಲ್ಲಿ ಪಂಚಾಯಿತಿದಾರ.

ಇದರ ಬೆಳಕಿನಲ್ಲಿ ನೋಡಿದರೆ ರಾತ್ರಿ ಹೆಚ್ಚು ಕೇಳುವುದು ತಪ್ಪಲ್ಲ. ನಿದ್ದೆ ಬಿಟ್ಟು ಬಂದವನಿಗೆ ಆಟೋದವನಿಗೆ ಕೊಡುವಂತೆ ಒಂದೂವರೆ ಪಟ್ಟು ಕೊಡುವುದು ನ್ಯಾಯವೇ. ಅದು ಅವನ ಕಷ್ಟಕ್ಕೆ ಬೆಲೆ. ಆದರೆ ಒಳಗೆ ಮಗು ಅಳುತ್ತಿದೆ ಎಂಬ ಕಾರಣಕ್ಕೆ ದರ ಏರಿದರೆ ಅದು ನಮ್ಮ ಕಷ್ಟಕ್ಕೆ ಬೆಲೆ. ಮೊದಲನೆಯದು ದುಡಿಮೆ, ಎರಡನೆಯದು ಕೊಳ್ಳೆ. ಎರಡರಲ್ಲೂ ಮೊತ್ತ ಒಂದೇ ಇರಬಹುದು. ಆದರೆ ಒಂದು ಇನ್ನೊಂದಾಗುವುದಿಲ್ಲ.

ಈ ಕೊಳ್ಳೆ ಪಶ್ಚಿಮದ ದೇಶಗಳಲ್ಲಿ ದೊಡ್ಡ ದಂಧೆಯಾಗಿಯೇ ಬೆಳೆದಿದೆ. ಫೋನಿನಲ್ಲಿ ಅತಿ ಕಡಿಮೆ ದರ ಹೇಳುವುದು, ಬಂದ ಮೇಲೆ ಈ ಬೀಗ ವಿಶೇಷದ್ದು, ಕೊರೆಯಲೇಬೇಕು ಎಂದು ಹಲವು ಪಟ್ಟು ಕೇಳುವುದು, ಸ್ಥಳೀಯ ಅಂಗಡಿಯೆಂದು ಹೇಳಿಕೊಂಡು ಎಲ್ಲೋ ದೂರದಿಂದ ಫೋನ್ ಎತ್ತುವುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥವರ ವಿರುದ್ಧ ಗ್ರಾಹಕರನ್ನು ಎಚ್ಚರಿಸಿದ್ದುಂಟು. ಇದರ ಮೊದಲ ಬಲಿ ಗ್ರಾಹಕನಾದರೆ ಎರಡನೆಯ ಬಲಿ ಅಲ್ಲಿನ ಪ್ರಾಮಾಣಿಕ ಕಸುಬುದಾರ. ಹುಡುಕುವ ಪಟ್ಟಿಯಲ್ಲಿ ಅವನ ಹೆಸರು ಸುಳ್ಳು ಹೆಸರುಗಳ ಅಡಿಯಲ್ಲಿ ಹೂತುಹೋಗುತ್ತದೆ. ಫೋನಿನಲ್ಲೇ ಎಲ್ಲವನ್ನೂ ಹುಡುಕುವ ಅಭ್ಯಾಸ ಮೈಸೂರಿನವರಿಗೂ ಬಂದಿರುವುದರಿಂದ ಈ ಮಾತು ನಮಗೂ ಅನ್ವಯಿಸುತ್ತದೆ. ಪರದೆಯ ಮೇಲಿನ ಅಪರಿಚಿತ ಸಂಖ್ಯೆಗಿಂತ ಮೂವತ್ತು ವರ್ಷ ಒಂದೇ ಮೂಲೆಯಲ್ಲಿ ಕುಳಿತವನ ಮುಖ ದೊಡ್ಡ ಖಾತರಿ.

ಇಬ್ಬರೂ ಇಕ್ಕಟ್ಟಿನಲ್ಲಿ

ಆದರೆ ಇಕ್ಕಟ್ಟು ಗಿರಾಕಿಗೆ ಮಾತ್ರ ಬರುತ್ತದೆಯೇ? ನಮ್ಮ ಊರುಗಳಲ್ಲಿ ಇದರ ತಿರುವುಮುರುವೇ ಹೆಚ್ಚು. ಸಂಜೆ ಆರಾಗಿದೆ, ಬೆಳಗ್ಗಿನಿಂದ ಬೋಣಿಯಾಗಿಲ್ಲ, ಮನೆಗೆ ಅಕ್ಕಿ ಒಯ್ಯಬೇಕು. ಅಂಥ ಹೊತ್ತಿನಲ್ಲಿ ಬಂದ ಗಿರಾಕಿ ನೂರರ ಕೆಲಸಕ್ಕೆ ನಲವತ್ತು ಎಂದರೆ ಅವನು ಒಪ್ಪುತ್ತಾನೆ. ಅದು ಎಂಥ ಒಪ್ಪಿಗೆ? ಮುಚ್ಚಿದ ಬಾಗಿಲಿನ ಮುಂದೆ ನಿಂತ ತಾಯಿಯದ್ದು ಶರಣಾಗತಿಯಾದರೆ ಹಸಿದ ಕಸುಬುದಾರನದ್ದೂ ಶರಣಾಗತಿಯೇ. ವ್ಯತ್ಯಾಸವಿಷ್ಟೇ, ಮೊದಲನೆಯದು ನಡೆದಾಗ ನಾವು ಮೋಸ ಎಂದು ಕೂಗುತ್ತೇವೆ. ಎರಡನೆಯದು ನಡೆದಾಗ ಚೌಕಾಸಿಯಲ್ಲಿ ಗೆದ್ದೆವೆಂದು ಮನೆಯಲ್ಲಿ ಹೇಳಿಕೊಳ್ಳುತ್ತೇವೆ.

ಕಾರು ಕಂಪೆನಿಯ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಹೊಸ ಕೀಲಿಗೆ ಸಾವಿರಾರು ರೂಪಾಯಿಯ ಬಿಲ್ಲು ಬಂದರೆ ನಾವು ತುಟಿಪಿಟಕ್ಕೆನ್ನದೆ ಕಾರ್ಡ್ ಉಜ್ಜುತ್ತೇವೆ. ಬಿಸಿಲಲ್ಲಿ ಕುಳಿತವನ ಮುಂದೆ ಹತ್ತು ರೂಪಾಯಿಗೆ ಹತ್ತು ನಿಮಿಷ ವಾದಿಸುತ್ತೇವೆ. ಮುದ್ರಿತ ಬಿಲ್ಲಿಗೆ ಕೊಡುವ ಮರ್ಯಾದೆಯನ್ನು ಮನುಷ್ಯನ ಮಾತಿಗೆ ಕೊಡುವುದಿಲ್ಲ. ಬೀದಿಯಲ್ಲಿ ಸೇವೆ ಒದಗಿಸುವವರನ್ನೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬೀದಿ ವ್ಯಾಪಾರಿಗಳೆಂದೇ ಗುರುತಿಸಿ ರಕ್ಷಣೆ ಕೊಟ್ಟಿದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬೀಗ ತಯಾರಿಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗಳಿಗೆ 15,000 ರೂಪಾಯಿ ನೆರವು ಅದರಲ್ಲಿದೆ. ಕಲಿಯುವ ದಿನಕ್ಕೇ 500 ರೂಪಾಯಿಯ ಬೆಲೆಯಿದೆ ಎಂದು ಸರಕಾರವೇ ಒಪ್ಪಿದ ಮೇಲೆ, ಕಲಿತು ಮುಗಿಸಿದವನ ರಾತ್ರಿಯ ಕೆಲಸಕ್ಕೆ ಅಷ್ಟು ಕೊಡಲು ನಾವು ಹಿಂದೆಮುಂದೆ ನೋಡುವುದು ಸರಿಯೇ?

ಕಸುಬುದಾರನಿಗೂ ಒಂದು ಮೇರೆ ಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕತೆ ಕನ್ನಡಿಗರಿಗೆ ಗೊತ್ತಿರುವುದೇ. ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ ಗಂಡ ಮಾರಯ್ಯನದು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಆಕೆ ಹೆಚ್ಚಾದದ್ದನ್ನು ಮರಳಿ ಸುರಿದು ಬರುವಂತೆ ಹೇಳುತ್ತಾಳೆ. ಆಕೆ ಬಡವಿ. ಆ ಅಕ್ಕಿಯಿಂದ ಮರುದಿನದ ಚಿಂತೆ ತಪ್ಪುತ್ತಿತ್ತು. ಆದರೂ ದುಡಿಮೆಗೆ ಸಲ್ಲಬೇಕಾದದ್ದು ಎಷ್ಟು ಎಂಬ ಲೆಕ್ಕ ಆಕೆಗೆ ಸ್ಪಷ್ಟವಿತ್ತು. ಈ ಕತೆಯನ್ನು ಬಡವರಿಗೆ ಪಾಠ ಹೇಳಲು ಮಾತ್ರ ಬಳಸಿದರೆ ಅದು ಲಕ್ಕಮ್ಮನಿಗೆ ಮಾಡುವ ಅವಮಾನ. ಹೆಚ್ಚಾದ ಅಕ್ಕಿ ಉಳ್ಳವರ ಮನೆಯಲ್ಲೇ ಅಲ್ಲವೇ ಹೆಚ್ಚಿರುವುದು!

ತೆರೆಯದ ಬಾಗಿಲುಗಳು

ಇನ್ನೊಂದು ಸಂಗತಿಯಿದೆ. ಅದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ನಮ್ಮ ಬಾಗಿಲನ್ನು ಎರಡು ನಿಮಿಷದಲ್ಲಿ ತೆರೆಯಬಲ್ಲವನು ಊರಿನ ಸಾವಿರ ಬಾಗಿಲುಗಳನ್ನೂ ಹಾಗೆಯೇ ತೆರೆಯಬಲ್ಲ. ತೆರೆಯುವುದಿಲ್ಲ. ನಮ್ಮ ಕೀಲಿಯ ಪ್ರತಿ ಮಾಡಿಕೊಟ್ಟವನು ತನಗೂ ಒಂದು ಮಾಡಿಟ್ಟುಕೊಳ್ಳಬಹುದಿತ್ತು. ಮಾಡಿಕೊಳ್ಳುವುದಿಲ್ಲ. ಮುನ್ನೂರು ರೂಪಾಯಿಗೆ ಬೀರು ತೆರೆದುಕೊಟ್ಟು, ಒಳಗಿನ ಒಡವೆಯತ್ತ ಕಣ್ಣೆತ್ತದೆ ಸಲಕರಣೆ ಚೀಲಕ್ಕೆ ತುಂಬಿಕೊಳ್ಳುತ್ತಾನೆ. ನಾವು ಸುರಕ್ಷಿತವಾಗಿ ನಿದ್ದೆ ಮಾಡುವುದು ಬೀಗದ ಬಲದಿಂದ ಎಂದುಕೊಂಡಿದ್ದೇವೆ. ನಿಜವಾಗಿ ನೋಡಿದರೆ ಬೀಗ ತೆರೆಯಬಲ್ಲವರ ಪ್ರಾಮಾಣಿಕತೆಯಿಂದ.

ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸಲಹೆ ಕೊಡುವ ಮದ್ಯನ್‌ನ ಯುವತಿ ಒಳ್ಳೆಯ ಕೆಲಸಗಾರನ ಎರಡು ಲಕ್ಷಣಗಳನ್ನು ಹೇಳುತ್ತಾಳೆಂದು ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿದೆ: ಶಕ್ತಿ ಮತ್ತು ವಿಶ್ವಾಸಾರ್ಹತೆ. ಈ ಎರಡೂ ಒಟ್ಟಿಗೆ ಇರಲೇಬೇಕಾದ ಕಸುಬು ಬೀಗದ ಕಸುಬು. ಶಕ್ತಿಯಿದ್ದು ವಿಶ್ವಾಸವಿಲ್ಲದಿದ್ದರೆ ಆತ ಕಳ್ಳ. ವಿಶ್ವಾಸವಿದ್ದು ಶಕ್ತಿಯಿಲ್ಲದಿದ್ದರೆ ನಾವು ಹೊರಗೇ ಮಲಗಬೇಕು. ಮಕ್ಕಾ ವಿಜಯದ ದಿನ ಕಅಬಾದ ಕೀಲಿಯನ್ನು ಪ್ರವಾದಿ(ಸ) ಅದುವರೆಗೆ ಅದನ್ನು ಕಾಯುತ್ತಿದ್ದ ಉಸ್ಮಾನ್ ಇಬ್ನು ತಲ್ಹಾರ ಕೈಗೇ ಮರಳಿಸಿದರು. ಇಂದಿಗೂ ಅದು ಅದೇ ಮನೆತನದವರ ಬಳಿಯಿದೆ. ಜೆರುಸಲೇಮಿನಲ್ಲಿ ಕ್ರೈಸ್ತರ ಪವಿತ್ರ ಸಮಾಧಿಯ ಚರ್ಚಿನ ಕೀಲಿಯನ್ನು ಶತಮಾನಗಳಿಂದ ಕಾಯುತ್ತಿರುವುದು ಒಂದು ಮುಸ್ಲಿಂ ಕುಟುಂಬ, ಬಾಗಿಲು ತೆರೆಯುವುದು ಇನ್ನೊಂದು ಮುಸ್ಲಿಂ ಕುಟುಂಬ. ಕೀಲಿ ಒಬ್ಬರ ಕೈಯಲ್ಲಿರುವುದೆಂದರೆ ನಂಬಿಕೆ ಅವರ ಕೈಯಲ್ಲಿರುವುದೆಂದೇ ಅರ್ಥ. ಕನ್ನಡದ ‘ಬೀಗದ ಕೈ’ ಎಂಬ ಮಾತೂ ಇದನ್ನೇ ಹೇಳುವಂತಿದೆ. ಆ ಕೈ ಕಳೆದಾಗ ನಾವು ಇನ್ನೊಬ್ಬನ ಕೈಯನ್ನು ನಂಬುತ್ತೇವೆ.

ಆದರೆ ಬೀದಿಯಲ್ಲೊಂದು ಕಳ್ಳತನವಾದರೆ ಮೊದಲ ಸಂಶಯ ಇದೇ ಬಡವನ ಮೇಲೆ. ಹಿಂದೆ ಆಯುಧಗಳನ್ನು ಮಾಡಿ ಮಸೆಯುತ್ತಿದ್ದ ಸಿಕ್ಲಿಗರ್ ಸಿಖ್ಖರಲ್ಲಿ ಅನೇಕರು ಇಂದು ಊರೂರು ತಿರುಗಿ ಕೀಲಿ ಮಾಡುತ್ತಾರೆ. ‘ಚಾವಿ’ ಎಂದು ಕೂಗುತ್ತಾ ಬೀದಿಗೆ ಬಂದವನನ್ನು ಸಂಶಯದಿಂದ ನೋಡದ ಕಿಟಕಿ ಯಾವುದಿದೆ? ಅದೇ ಆ ಕಸುಬುದಾರ ತಿರುಗಿ ‘ಇದು ನಿಮ್ಮದೇ ಮನೆಯೇ? ಗುರುತಿನ ಚೀಟಿ ಇದೆಯೇ?’ ಎಂದು ಕೇಳಿದರೆ ನಮಗೆ ಕೋಪ ಬರುತ್ತದೆ. ಬರಬಾರದು. ಹಾಗೆ ಕೇಳುವವನು ನಮ್ಮನ್ನು ಅವಮಾನಿಸುತ್ತಿಲ್ಲ, ನಮ್ಮ ಮನೆಯನ್ನು ಕಾಯುತ್ತಿದ್ದಾನೆ. ಕೇಳದೆ ತೆರೆಯುವವನಿಗೇ ನಾವು ಹೆದರಬೇಕು.

ಹಾಗಾದರೆ ಎಷ್ಟು ಕೊಡಬೇಕು?

ಇಷ್ಟೆಲ್ಲ ಹೇಳಿದ ಮೇಲೂ ಓದುಗರು ಕೇಳಬಹುದಾದ ಪ್ರಶ್ನೆ ಇದು. ಸಂಖ್ಯೆ ಹೇಳುವುದಕ್ಕಿಂತ ಕ್ರಮ ಹೇಳುವುದು ಲೇಸು. ಕೂಲಿಯಾಳಿಗೆ ಅವನ ಕೂಲಿ ಎಷ್ಟೆಂದು ಮೊದಲೇ ತಿಳಿಸಬೇಕು ಎಂಬ ಉಪದೇಶ ಹದೀಸ್‌ಗಳಲ್ಲಿದೆ. ಮುಕ್ಕಾಲು ಪಾಲು ಜಗಳಗಳನ್ನು ತಡೆಯಲು ಇದೊಂದೇ ಸಾಕು. ಫೋನಿನಲ್ಲೇ ಕೇಳೋಣ: ಬರಲು ಎಷ್ಟು, ತೆರೆಯಲು ಎಷ್ಟು, ಒಡೆಯದೆ ತೆರೆಯುವಿರಾ, ಹೊಸ ಬೀಗ ಬೇಕಾದರೆ ಅದರ ಬೆಲೆ ಬೇರೆಯೇ, ರಾತ್ರಿಯ ದರ ಎಷ್ಟು. ಹೇಳಿದ್ದು ಹೆಚ್ಚೆನಿಸಿದರೆ ಆಗಲೇ ಬೇಡವೆನ್ನೋಣ, ಅಥವಾ ಆಗಲೇ ಚೌಕಾಸಿ ಮಾಡೋಣ. ಬಾಗಿಲು ಮುಚ್ಚಿರುವಾಗ ಒಪ್ಪಿದ ಮಾತನ್ನು ಬಾಗಿಲು ತೆರೆದ ಮೇಲೆ ಮುರಿಯುವುದು ಬೇಡ. ಕಸುಬುದಾರನೂ ಅಷ್ಟೇ, ಅಂಗಳಕ್ಕೆ ಬಂದು ಮನೆಯ ಗಾತ್ರ ನೋಡಿ ದರ ಬದಲಿಸಬಾರದು. ನಡುವೆ ನಿಜವಾಗಿಯೂ ತೊಡಕು ಕಂಡರೆ ಕೈ ಹಾಕುವ ಮೊದಲೇ ಹೇಳಬೇಕು.

ಇದು ನ್ಯಾಯ. ಕುರ್‌ಆನ್ ನ್ಯಾಯದ ಜೊತೆಗೇ ಇನ್ನೊಂದನ್ನೂ ಆದೇಶಿಸುತ್ತದೆ. ಅದು ಇಹ್ಸಾನ್, ಎಂದರೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಿನ ಒಳಿತು. ಮುದುಕಿಯೊಬ್ಬಳ ಟ್ರಂಕು ತೆರೆದುಕೊಟ್ಟು ‘ಇರಲಿ ಬಿಡಿ ಅಮ್ಮ’ ಎನ್ನುವುದು ಕಸುಬುದಾರನ ಇಹ್ಸಾನ್. ಗೀರು ಬೀಳದಂತೆ ಬೇಗನೆ ಕೆಲಸ ಮುಗಿಸಿದವನಿಗೆ ಒಪ್ಪಿದ್ದರ ಮೇಲೆ ಐವತ್ತು ಸೇರಿಸುವುದು ಗಿರಾಕಿಯ ಇಹ್ಸಾನ್. ನ್ಯಾಯವನ್ನು ಇನ್ನೊಬ್ಬರಿಂದ ಕೇಳಿ ಪಡೆಯಬಹುದು. ಇಹ್ಸಾನನ್ನು ಕೇಳಿ ಪಡೆಯುವಂತಿಲ್ಲ, ಕೊಡಬಹುದು ಅಷ್ಟೇ. ಕೆಲಸ ಮುಗಿದ ಮೇಲೆ ನಾವು ಮಾಡುವ ಚೌಕಾಸಿ ಎಂದರೆ ಬಡವನ ಇಹ್ಸಾನನ್ನು ನಮ್ಮ ಹಕ್ಕೆಂಬಂತೆ ಕಿತ್ತುಕೊಳ್ಳುವುದು. ಉಳ್ಳವನು ಇಲ್ಲದವನಿಂದ ದಾನ ಪಡೆದಂತಾಗುತ್ತದೆ ಅದು.

ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ಗುಹೆಯಲ್ಲಿ ಸಿಲುಕಿದ ಮೂವರ ಪ್ರಸಿದ್ಧ ವೃತ್ತಾಂತವಿದೆ. ಬಂಡೆಯೊಂದು ಉರುಳಿ ಗುಹೆಯ ಬಾಯಿ ಮುಚ್ಚಿಹೋಗುತ್ತದೆ. ತೆರೆಯಲು ಕೀಲಿಯಿಲ್ಲ, ಕರೆಯಲು ಜನವಿಲ್ಲ. ಮೂವರೂ ತಮ್ಮ ಬದುಕಿನ ಒಂದೊಂದು ಒಳ್ಳೆಯ ಕೆಲಸವನ್ನು ಮುಂದಿಟ್ಟು ಪ್ರಾರ್ಥಿಸುತ್ತಾರೆ. ಅವರಲ್ಲೊಬ್ಬ ಹೇಳುವುದು ಕೂಲಿಯ ವಿಷಯ. ಆಳೊಬ್ಬ ಕೂಲಿ ಪಡೆಯದೆ ಹೋಗಿದ್ದ. ಆ ಕೂಲಿಯನ್ನು ಈತ ಎತ್ತಿಟ್ಟು ಬೆಳೆಸಿದ, ಅದು ಹಿಂಡಾಯಿತು. ಆಳು ವರ್ಷಗಳ ನಂತರ ಬಂದು ಕೇಳಿದಾಗ, ಇದೆಲ್ಲ ನಿನ್ನದೇ ಎಂದು ಇಡೀ ಹಿಂಡನ್ನು ಒಪ್ಪಿಸಿದ. ಒಬ್ಬೊಬ್ಬರ ಪ್ರಾರ್ಥನೆಗೂ ಬಂಡೆ ಸ್ವಲ್ಪ ಸ್ವಲ್ಪ ಸರಿದು ಕೊನೆಗೆ ಮೂವರೂ ಹೊರಬರುತ್ತಾರೆ.

ಮನುಷ್ಯನ ಕೈಗೆ ನಿಲುಕದ ಆ ಬಾಗಿಲನ್ನು ಸರಿಸಿದ ಪುಣ್ಯಗಳಲ್ಲಿ ಒಂದು, ಕೂಲಿಯವನಿಗೆ ಅವನದನ್ನು ಪೂರ್ತಿಯಾಗಿ ಕೊಟ್ಟದ್ದು.